ಎಡಗೈಯ ಕೀಲಿಮಣೆ

ಕೀಲಿಮಣೆಯ ಕೀಲಿಗಳನ್ನು ಅದಲುಬದಲು ಮಾಡುವ ತಂತ್ರಾಂಶ ಬರೆಯುವವರಲ್ಲಿ ಒಬ್ಬರಾದರೂ ತಾಳವಾಡಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕಣ್ಣಿಗೆ ಬಿದ್ದರೆ ಮೊದಲು ಟೀ ಕುಡಿಸುತ್ತೇನೆ, ಆಮೇಲೆ ನೀರಿಳಿಸುತ್ತೇನೆ. ಟೀ ಯಾಕೆಂದರೆ ಅವರ ತಂತ್ರಾಂಶ ಕೊನೆಗೂ ಕೆಲಸ ಮಾಡಿತು. ನೀರಿಳಿಸುವುದು ಅದನ್ನು ಕೂರಿಸುವ ಬಗೆಯನ್ನು ಅವರು ಬರೆದಿಟ್ಟ ಚಂದಕ್ಕೆ. 'ಇದು ಬಹಳ ಸುಲಭ' ಎಂದು ಶುರು ಮಾಡುತ್ತಾರೆ. ಎರಡನೆಯ ಸಾಲಿನಿಂದ, ಓದುವವರೆಲ್ಲ ಕಂಪ್ಯೂಟರಿನ ಹೊಟ್ಟೆಯಲ್ಲೇ ಹುಟ್ಟಿ ಬೆಳೆದವರು ಎಂದುಕೊಂಡು ಮಾತಾಡುತ್ತಾರೆ. ನಾನು ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯ ಟೀಚರು. ಪ್ರಶ್ನೆಪತ್ರಿಕೆ ಟೈಪು ಮಾಡುವಷ್ಟು ಕಂಪ್ಯೂಟರು ಬರುತ್ತದೆ. ಅದಕ್ಕಿಂತ ಹೆಚ್ಚು ಕಲಿಯುವ ಆಸೆ ನನಗೆ ಯಾವತ್ತೂ ಇರಲಿಲ್ಲ, ಈಗಲೂ ಇಲ್ಲ. ಅಕ್ಕನ ಮಾತು ನಿಲ್ಲದೇ ಇದ್ದಿದ್ದರೆ ಆ ತಂಟೆಗೇ ಹೋಗುತ್ತಿರಲಿಲ್ಲ.

ಅಕ್ಕ ನನಗಿಂತ ದೊಡ್ಡವಳು, ಮದುವೆಯಾಗದವಳು. ಬಜಾರಿನ ಹಿಂದಿನ ಬೀದಿಯಲ್ಲಿ ತಮಿಳು ಟೈಪಿಂಗ್ ತರಗತಿ ನಡೆಸುತ್ತಿದ್ದಳು. ಮುಂದೆ ಉದ್ದನೆಯ ಹಾಲ್, ಹಿಂದೆ ಅವಳಿರುವ ಎರಡು ಕೋಣೆ. ಘಟ್ಟದ ಕೆಳಗಿನ ತಮಿಳುನಾಡು ಸರ್ಕಾರದ ಕಚೇರಿಗಳಲ್ಲಿ ಇವತ್ತು ಕುರ್ಚಿ ಹಿಡಿದು ಕೂತಿರುವ ನಮ್ಮ ಕಡೆಯ ಹೆಂಗಸರಲ್ಲಿ ಬಹಳ ಮಂದಿ ಅವಳ ಅಡಿಕೋಲಿನ ರುಚಿ ಕಂಡವರೇ. ಅವಳು ಓದಿದ್ದು ತಮಿಳಿನಲ್ಲಿ, ಸತ್ಯಮಂಗಲದಲ್ಲಿ. ನನ್ನನ್ನು ಅಪ್ಪ ಗಡಿ ದಾಟಿಸಿ ಚಾಮರಾಜನಗರದಲ್ಲಿ ಕನ್ನಡದಲ್ಲಿ ಓದಿಸಿದರು. ಒಂದೇ ಮನೆಯಲ್ಲಿ ಒಂದೇ ಮಾತು ಆಡಿಕೊಂಡು, ಬರೆಯುವಾಗ ಮಾತ್ರ ನಾವಿಬ್ಬರೂ ಬೇರೆ ಬೇರೆ. ನಮ್ಮ ಮಲೆಯಲ್ಲಿ ಇದು ಯಾರಿಗೂ ವಿಶೇಷವಲ್ಲ.

ಮಾಗಿಯ ಒಂದು ಬೆಳಿಗ್ಗೆ ಅವಳಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ನಾಲಿಗೆ ಬಾಯೊಳಗೆ ಮುದ್ದೆಯಾಗಿ ಕೂತಿತು. ಚಾಮರಾಜನಗರದ ಡಾಕ್ಟರು ನೋಡಿ, ಕೆಟ್ಟಿರುವುದು ನಾಲಿಗೆ ಗಂಟಲುಗಳ ಬಲ ಮಾತ್ರ, ಬುದ್ಧಿಗೂ ನೆನಪಿಗೂ ಏನೂ ಆಗಿಲ್ಲ, ನೀವು ಆಡಿದ್ದೆಲ್ಲ ಅವರಿಗೆ ತಿಳಿಯುತ್ತದೆ ಎಂದು ಬಿಡಿಸಿ ಹೇಳಿದರು. ನಮ್ಮವರು ಹೂಂಗುಟ್ಟಿ ಹೊರಗೆ ಬಂದು, ಬಾಗಿಲಲ್ಲೇ ಅದನ್ನು ಮರೆತರು. ಅವತ್ತಿನಿಂದ ಅಕ್ಕನ ಮಾತನ್ನು ಅಕ್ಕನ ಬದಲು ಎಲ್ಲರೂ ಆಡತೊಡಗಿದರು. ಅಕ್ಕನಿಗೆ ಹಸಿವಿಲ್ಲವಂತೆ. ಅಕ್ಕನಿಗೆ ಗಾಳಿ ಬೇಕಂತೆ. ಎಡಗೈಗೆ ಪೆನ್ಸಿಲ್ ಕೊಟ್ಟರೆ ಗೀಟು ಎಳೆಯುತ್ತಿದ್ದಳು, ಅಕ್ಷರ ಆಗುತ್ತಿರಲಿಲ್ಲ. ತಲೆಯಾಡಿಸುತ್ತಿದ್ದಳು, ಆದರೆ ಕೇಳುವವರು ತಮಗೆ ಬೇಕಾದ ಉತ್ತರ ಬರುವ ತನಕ ಕೇಳಿದ್ದನ್ನೇ ಕೇಳುತ್ತಿದ್ದರು. ಸುಸ್ತಾಗಿ ಕತ್ತು ಇಳಿದದ್ದೂ ಅವರಿಗೆ ಹೌದೇ.

ಹೀಗೆ ಕೇಳುವವರಲ್ಲಿ ಮೊದಲಿಗ ನನ್ನ ತಮ್ಮ. ಅವನು ಪಣಕಹಳ್ಳಿಯಲ್ಲಿ ಕೋಸು, ಬೀಟ್ರೂಟು ಬೆಳೆದು ಸಂತೆಗೆ ಒಯ್ದು ಮಾರುತ್ತಾನೆ. ಬೋರ್‌ವೆಲ್ಲಿನ ನೀರು ನನ್ನ ಪಾಲಿನ ಹೊಲಕ್ಕೆ ತಿರುಗದಂತೆ ನೋಡಿಕೊಂಡ ದಿನದಿಂದ ನಾನು ಅವನ ಹೊಸಿಲು ತುಳಿದಿರಲಿಲ್ಲ. ಅಕ್ಕ ಹಾಸಿಗೆ ಹಿಡಿದ ಮೇಲೆ ಅವನಿಗೆ ಆ ಉದ್ದನೆಯ ಹಾಲ್ ಕಣ್ಣಿಗೆ ಬಿತ್ತು.

"ಅಕ್ಕುನ್ನ ನಮ್ಮನಗ ಕರ್ಕೊಂಡೋಯ್ತೀನಿ. ಮುಂದ್ಲ ಜಾಗ ಸುಮ್ಕ ಬಿದ್ದಿರದ್ಯಾಕ? ಡ್ರಿಪ್ ಪೈಪು ಯಾಪಾರ ಮಾಡ್ತೀನಿ" ಎಂದ.

"ಅಕ್ಕುನ್ನ ಕೇಳುದ್ಯಾ?"

"ಕೇಳ್ದೆ ಕಣ. ತಲ ಆಡ್ಸುದ್ಲು."

ನಾನು ಒಪ್ಪಲಿಲ್ಲ. ಅವನು ಸೀದಾ ತಾಳಮಲೆ ದಾರಿಯಲ್ಲಿರುವ ನಮ್ಮ ಮನೆದೇವರಿಗೆ ಹೋಗಿ ಹೂವು ಕೇಳಿಕೊಂಡು ಬಂದ. ನಮ್ಮಲ್ಲಿ ಹೆಣ್ಣು ತರುವಾಗ, ಬೋರ್ ಕೊರೆಸುವಾಗ ಹೀಗೆ ದೇವರ ಅಪ್ಪಣೆ ಕೇಳುತ್ತಾರೆ. ಒದ್ದೆ ಹೂವನ್ನು ವಿಗ್ರಹಕ್ಕೆ ಅಂಟಿಸಿ ಕಾಯುವುದು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಬದುಕಿರುವ ಮನುಷ್ಯರ ಮನಸ್ಸಿನಲ್ಲಿ ಏನಿದೆ ಎಂದು ದೇವರನ್ನು ಕೇಳಿದವನು ಇವನೊಬ್ಬನೇ ಇರಬೇಕು.

"ಬಲ್ಗಡ ಬಿತ್ತು ಕಣ. ದೇವ್ರೇ ಊ ಅಂದ್ಮೇಲ ನಿಂದೇನು ಚಿಕ್ಕಕ್ಕ?" ಎಂದು ಬಾಗಿಲಲ್ಲಿ ನಿಂತ.

"ದೇವ್ರು ಬಾಯ್ಬುಟ್ಟು ಮಾತಾಡಲ್ಲ ಅಂತ ಊವು ಕೇಳದು ಕಣ್ಲಾ. ಅಕ್ಕುಂಗ ಕಿವಿ ಕೇಳ್ತದ, ಕಣ್ಣು ಕಾಣ್ತದ. ಅವುಳ್ನೇ ಕೇಳು."

"ಅವ್ಳು ಎಂಗ್ ಏಳ್ತಾಳ?"

"ಏಳುಸ್ತೀನಿ ಇರು" ಎಂದೆ. ಹೇಗೆ ಹೇಳಿಸುವುದು ಎಂದು ನನಗೇ ಗೊತ್ತಿರಲಿಲ್ಲ. ಸಿಟ್ಟಿನಲ್ಲಿ ಬಾಯಿಂದ ಬಂತು. ಶುಕ್ರವಾರ ಹಾಲ್‌ಗೆ ಪೈಪು ತಂದು ಇಳಿಸುವುದೆಂದು ಅವನು ಆಗಲೇ ಗೊತ್ತುಮಾಡಿಕೊಂಡಿದ್ದ. ಅಷ್ಟರೊಳಗೆ ಅಕ್ಕ ತನ್ನ ಮಾತು ತಾನೇ ಹೇಳಬೇಕಿತ್ತು. ಇಲ್ಲವಾದರೆ ಅವಳ ಮನೆ, ಅವಳ ಮುಂದಿನ ಬದುಕು ಎರಡೂ ಒಂದು ಒದ್ದೆ ಹೂವಿನ ಲೆಕ್ಕಕ್ಕೆ ಹೋಗುತ್ತಿದ್ದವು.

ಅಕ್ಕನಿಗೆ ಉಳಿದಿದ್ದದ್ದು ಎಡಗೈ. ಅದು ನೋಡದೆಯೇ ಟೈಪು ಮಾಡುವ ಕೈ. ಫೋನಿನ ಗಾಜು ಕೊಟ್ಟರೆ ಅದರ ಮೇಲೆ ಬೆರಳು ನಿಲ್ಲುತ್ತಿರಲಿಲ್ಲ, ಒತ್ತಿದರೆ ತಗ್ಗುವ ಕೀಲಿಯೇ ಬೇಕಿತ್ತು. ಹುಡುಕಿದಾಗ ಒಂದು ಉಪಾಯ ಸಿಕ್ಕಿತು. ಸ್ಪೇಸ್ ಕೀಲಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದರೆ ಕೀಲಿಮಣೆಯ ಬಲಭಾಗ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಎಡಭಾಗಕ್ಕೆ ಬರುತ್ತದೆ. ಬಲಗೈಯ ತೋರುಬೆರಳು ಮಾಡುತ್ತಿದ್ದ ಕೆಲಸವನ್ನು ಎಡಗೈಯ ತೋರುಬೆರಳೇ ಮಾಡುತ್ತದೆ, ಕಿರುಬೆರಳಿನದನ್ನು ಕಿರುಬೆರಳು. ಸ್ಪೇಸ್ ತಟ್ಟಿ ಬಿಟ್ಟರೆ ಎಂದಿನಂತೆ ಬರೀ ಜಾಗ ಬಿಡುತ್ತದೆ. ಎರಡೂ ಕೈಗಳಿಗೆ ಪಾಠವಾಗಿರುವವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ ಎಂದು ಬರೆದಿದ್ದರು. ಅಕ್ಕನಿಗಿಂತ ಚೆನ್ನಾಗಿ ಪಾಠವಾದವರು ಈ ಮಲೆಯಲ್ಲಿ ಇನ್ನು ಯಾರಿದ್ದಾರೆ?

ಮೊದಲು ಅಕ್ಕನ ತರಗತಿಯ ವಿಂಡೋಸ್ ಕಂಪ್ಯೂಟರಿಗೆ ಕೈ ಹಾಕಿದೆ. ತಂತ್ರಾಂಶ ಇಳಿದದ್ದೇ ತಡ, ವೈರಸ್ ಕಾಯುವ ಕಾವಲುಗಾರ ಅದನ್ನು ನುಂಗಿ ಕೂತ. ನೀವು ಒತ್ತುವ ಕೀಲಿಗಳನ್ನೆಲ್ಲ ಇದು ಕದ್ದು ನೋಡುತ್ತದೆ ಎಂದು ಕೆಂಪಕ್ಷರದಲ್ಲಿ ಕೂಗಿದ. ನೋಡಲಿ ಅಂತಲೇ ತಂದದ್ದು ಮಾರಾಯ. ಅವನ ಬಾಯಿ ಮುಚ್ಚಿಸಿ ಮತ್ತೆ ಇಳಿಸಿದರೆ, ಯಜಮಾನರ ಪಾಸ್‌ವರ್ಡ್ ಕೊಡಿ ಎಂದಿತು. ಆ ಪಾಸ್‌ವರ್ಡ್ ಇದ್ದದ್ದು ಅಕ್ಕನ ತಲೆಯಲ್ಲಿ ಮಾತ್ರ. ಮಾತು ಬರಿಸುವ ತಂತ್ರಾಂಶ ಕೂರಿಸಲು ಮೊದಲು ಮಾತು ಬರಬೇಕು, ಇದು ಯಾವ ಸೀಮೆಯ ನ್ಯಾಯ! ಅಕ್ಕನನ್ನು ಗಾಲಿಕುರ್ಚಿಯಲ್ಲಿ ತಂದು ಎದುರಿಗೆ ನಿಲ್ಲಿಸಿದೆ. ಅವಳು ಪರದೆ ನೋಡಿದಳು, ನನ್ನನ್ನು ನೋಡಿದಳು, ಎಡಗೈಯ ಒಂದು ಬೆರಳಲ್ಲಿ ಟಕ್ ಟಕ್ ಎಂದು ಒತ್ತಿದಳು. ಚುಕ್ಕಿಗಳು ಬಿದ್ದವು, ಬಾಗಿಲು ತೆರೆಯಿತು.

ನಾನು ಕುಣಿದುಬಿಟ್ಟೆ. ಪಾಸ್‌ವರ್ಡ್ ನೆನಪಿರುವವಳಿಗೆ ಬುದ್ಧಿಯಿಲ್ಲ ಎನ್ನುತ್ತೀಯಲ್ಲ, ಈಗ ಬಾ ಎಂದು ತಮ್ಮನಿಗೆ ಫೋನು ಮಾಡಿದೆ. "ಅದು ಕೈ ಅಭ್ಯಾಸ ಕಣ. ನಮ್ಮೆತ್ತೂ ಕೊಟ್ಟಿಗಗ ತಾನೇ ಓಯ್ತದ" ಎಂದು ಇಟ್ಟುಬಿಟ್ಟ. ಎತ್ತಿಗೆ ಹೋಲಿಸಿದ್ದಕ್ಕೆ ಅವನಿಗೆ ನಾನು ಒಬ್ಬಳೇ ನಿಂತು ಕೊಟ್ಟ ಬೈಗುಳ ಪಕ್ಕದ ಹಿಟ್ಟಿನ ಗಿರಣಿಯವರಿಗೂ ಕೇಳಿಸಿರಬೇಕು.

ಆದರೆ ಕುರ್ಚಿಯಲ್ಲಿ ಅಕ್ಕ ಹೆಚ್ಚು ಹೊತ್ತು ಕೂರಲಾರಳು, ಪಕ್ಕಕ್ಕೆ ವಾಲುತ್ತಾಳೆ. ಯಂತ್ರವೇ ಮಂಚಕ್ಕೆ ಬರಬೇಕಿತ್ತು. ನನ್ನ ಹತ್ತಿರ ಇದ್ದದ್ದು ಮಗಳು ಗೆಟ್ಟವಾಡಿಗೆ ಮದುವೆಯಾಗಿ ಹೋಗುವಾಗ ಬಿಟ್ಟುಹೋದ ಲ್ಯಾಪ್‌ಟಾಪು, ಸರ್ಕಾರ ವಿದ್ಯಾರ್ಥಿಗಳಿಗೆ ಕೊಟ್ಟದ್ದು. ಅದರಲ್ಲಿರುವುದು ಲಿನಕ್ಸ್. ವಿಂಡೋಸಿನ ತಂತ್ರಾಂಶ ಅಲ್ಲಿ ಓಡುವುದಿಲ್ಲ, ಬೇರೆಯದೇ ಬೇಕು. ಆ ಬೇರೆಯದಕ್ಕೆ ಒತ್ತುವ ಗುಂಡಿಯೇ ಇಲ್ಲ. ಯಾವ ಕೀಲಿ ಏನಾಗಬೇಕು ಎಂದು ಒಂದು ಕಡತದಲ್ಲಿ ನಾವೇ ಬರೆಯಬೇಕಂತೆ. ಬರೆದೆ. ಒಂದು ಆವರಣಚಿಹ್ನೆ ಹೆಚ್ಚುಕಡಿಮೆಯಾಯಿತು. ಸ್ಪೇಸೂ ಸತ್ತಿತು, ಎಂಟರೂ ಸತ್ತಿತು. ನಿಲ್ಲು ಎಂದು ಅದಕ್ಕೆ ಹೇಳಬೇಕಾದರೂ ಅದೇ ಕೀಲಿಮಣೆಯಲ್ಲಿ ಹೇಳಬೇಕು. ಬ್ಯಾಟರಿ ಕಿತ್ತು ಬಿಸಾಕಿದೆ. ಬಲ್ಲವರು ಸೇರುವ ಒಂದು ಜಾಲತಾಣದಲ್ಲಿ ನನ್ನ ಅವಸ್ಥೆ ಬರೆದು ಕೇಳಿದರೆ, ಪುಣ್ಯಾತ್ಮನೊಬ್ಬ 'ಸೂಚನೆಗಳನ್ನು ಓದಿ' ಎಂದು ಉತ್ತರ ಕೊಟ್ಟ. ಅವನಿಗೆ ಇನ್ನೊಂದು ಜನ್ಮದಲ್ಲಿ ಒಂದನೇ ತರಗತಿಯ ಟೀಚರು ಕೆಲಸ ಸಿಗಲಿ ಎಂದು ಶಪಿಸಿದೆ. ಎಲ್ಲ ಸರಿಪಡಿಸಿದ ಮೇಲೂ ಅದು ಅಲುಗಲಿಲ್ಲ. ಲಾಗೌಟ್ ಒತ್ತಿ ಒಮ್ಮೆ ಹೊರಗೆ ಹೋಗಿ ಮತ್ತೆ ಒಳಗೆ ಬನ್ನಿ ಎಂಬ ಮಾತನ್ನು ಕೊನೆಯ ಪುಟದ ಅಡಿಯಲ್ಲಿ ಬಚ್ಚಿಟ್ಟಿದ್ದರು. ಹೊರಗೆ ಹೋಗಿ ಒಳಗೆ ಬಂದೆ. ಸ್ಪೇಸ್ ಒತ್ತಿ ಹಿಡಿದಾಗ ಬಲಭಾಗ ಎಡಕ್ಕೆ ಬಂತು.

ಇನ್ನು ಉಳಿದದ್ದು ಭಾಷೆ. ಅದರಲ್ಲಿ ನನಗೆ ಸಂಶಯವೇ ಇರಲಿಲ್ಲ. ನಾವು ಆಡುವುದು ಕನ್ನಡ. ಎರಡೂ ಯಂತ್ರಗಳಿಗೆ ನಾನು ಪ್ರಶ್ನೆಪತ್ರಿಕೆ ಮಾಡುವ ಕನ್ನಡ ಕೀಲಿಮಣೆಯನ್ನೇ ಹಾಕಿದೆ. ನಮ್ಮ ಕಡೆ ಎಲ್ಲ ಯಂತ್ರಗಳೂ ತಮಿಳು ತೋರಿಸಿಕೊಂಡೇ ಬರುತ್ತವೆ. ಅದನ್ನು ತೆಗೆದು ಕನ್ನಡ ಹಾಕುವಾಗ ನನಗೆ ಯಾವಾಗಲೂ ಒಂದು ಖುಷಿ.

ಬುಧವಾರ ಎಲ್ಲರನ್ನೂ ಕರೆಸಿದೆ. ತಮ್ಮ ಬಂದ, ಅವನ ಸೊಸೆ ಬಂದಳು, ನಮ್ಮ ಮುದುಕ ಚಿಕ್ಕಪ್ಪ ಬಂದರು. ಲ್ಯಾಪ್‌ಟಾಪನ್ನು ಅಕ್ಕನ ಮಡಿಲ ಮೇಲೆ ದಿಂಬು ಕೊಟ್ಟು ಇಟ್ಟು, "ಏಳಕ್ಕ, ಇವ್ರ ಮುಂದ ಏಳು" ಎಂದೆ. ಅಕ್ಕನ ಮುಖ ಅರಳಿತು. ಸ್ಪೇಸಿನ ಉಪಾಯ ಒಮ್ಮೆ ತೋರಿಸಿದರೆ ಹಿಡಿದುಕೊಂಡಳು. ಬೆರಳುಗಳು ಓಡಿದವು. ಪರದೆಯ ಮೇಲೆ ಬಂದದ್ದು 'ಅಸದ್', ಆಮೇಲೆ ಅರೆಬರೆ ವ್ಯಂಜನಗಳ ಕಸ. ಅಕ್ಕ ನಿಂತಳು. ಮತ್ತೆ ಶುರು ಮಾಡಿದಳು. ಮತ್ತೆ 'ಅಸದ್', ಮತ್ತೆ ಕಸ. ಮೂರನೆಯ ಸಲ ಕೀಲಿಮಣೆಯನ್ನು ಮುಷ್ಟಿಯಿಂದ ಗುದ್ದಿದಳು. ಗಂಟಲಿನಿಂದ ಒಂದು ಕೂಗು ಬಂತು, ಜೊಲ್ಲು ಇಳಿಯಿತು.

"ಪಾಪ, ತಲ ಪೂರಾ ಓಗ್ಬುಟ್ಟದ" ಎಂದರು ಚಿಕ್ಕಪ್ಪ.

"ನಾ ಏಳ್ನಿಲ್ವಾ? ಸುಮ್ಕ ಅವುಳ್ನ ಯಾಕ ಗೋಳುಯ್ಕತೀಯ ಚಿಕ್ಕಕ್ಕ?" ಎಂದ ತಮ್ಮ. ದನಿಯಲ್ಲಿ ಕರುಣೆ ಇತ್ತು. ಅದು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಅವಳ ಬಾಯಿ ತೆರೆಸಲು ಹೋಗಿ, ಅವಳಿಗೆ ಬುದ್ಧಿಯೇ ಇಲ್ಲ ಎಂಬುದಕ್ಕೆ ನಾನೇ ಸಾಕ್ಷಿ ಒದಗಿಸಿದ ಹಾಗಾಯಿತು. ಎಲ್ಲರೂ ಎದ್ದು ಹೋದರು.

ಸಿಟ್ಟನ್ನು ಅಕ್ಕನ ಮೇಲೆ ತೀರಿಸಿಕೊಂಡೆ. "ಊರ್ಗೆಲ್ಲ ಟೈಪಿಂಗ್ ಕಲುಸ್ದವ್ಳು, ಒಂದು ಮಾತು ಒತ್ತಕಾಗಲ್ವಾ ನಿಂಗ?" ಎಂದು ಕೂಗಿದೆ. ಅವಳು ಕಣ್ಣು ಕೆಕ್ಕರಿಸಿ ನನ್ನನ್ನೇ ನೋಡಿದಳು. ಆಮೇಲೆ ಎಡಗೈಯನ್ನು ಕೀಲಿಗಳ ನಡುಸಾಲಿನ ಮೇಲಿಟ್ಟು ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ತೋರುಬೆರಳು ಎಂದು ಒಂದಾದ ಮೇಲೊಂದು ಒತ್ತಿದಳು. 'ಅಸದ್'. ಮತ್ತೆ ಅದೇ ನಾಲ್ಕು. ನನ್ನ ಮುಖ ನೋಡುತ್ತಾ, ಪರದೆ ನೋಡದೆ, ಮಂದಬುದ್ಧಿಯ ಮಗುವಿಗೆ ಹೇಳಿಕೊಡುವವಳ ಹಾಗೆ ಮತ್ತೆ.

ಅವಳ ತರಗತಿಯ ಪಕ್ಕ ಹಾದುಹೋದವರಿಗೆಲ್ಲ ಆ ಪಾಠ ಗೊತ್ತು. ಯ, ಳ, ನ, ಕ. ತಮಿಳು ಟೈಪ್‌ರೈಟರಿನಲ್ಲಿ ಎಡಗೈಯ ನಾಲ್ಕು ಬೆರಳು ಕೂರುವ ಜಾಗ, ನನ್ನ ಕನ್ನಡ ಕೀಲಿಮಣೆಯಲ್ಲಿ ಅದೇ ಜಾಗ 'ಅಸದ್'. ಹೊಸದಾಗಿ ಸೇರಿದವರೆಲ್ಲ ದಿನಗಟ್ಟಲೆ ಅದನ್ನೇ ಬಡಿಯುತ್ತಿದ್ದರು. ಅಕ್ಕ ಜೀವಮಾನದಲ್ಲಿ ಕನ್ನಡ ಅಕ್ಷರ ಟೈಪು ಮಾಡಿದವಳೇ ಅಲ್ಲ! ನನಗೆ ಫೋನಿನಲ್ಲಿ ಸಂದೇಶ ಕಳಿಸುವಾಗಲೂ ನಮ್ಮ ಮನೆಮಾತನ್ನು ತಮಿಳು ಅಕ್ಷರದಲ್ಲೇ ಬರೆಯುತ್ತಿದ್ದಳು. ನಮ್ಮ ಕಡೆ ತಮಿಳಿನಲ್ಲಿ ಓದಿದ ಎಷ್ಟೋ ಮಂದಿ ಬರೆಯುವುದೇ ಹಾಗೆ. ಅವಳ ಬೆರಳು ಸರಿಯಾಗಿಯೇ ಓಡುತ್ತಿದ್ದವು. ಅವುಗಳ ಅಡಿಯ ಅಕ್ಷರ ಕಿತ್ತು ಬೇರೆಯದನ್ನು ಇಟ್ಟು, ಓದಲಾಗುತ್ತಿಲ್ಲ ಎಂದು ನಾವು ಪಾಪ ಪಾಪ ಅನ್ನುತ್ತಿದ್ದೆವು.

ಕೈಯ ಅದಲುಬದಲು ಇದ್ದ ಹಾಗೇ ಇತ್ತು. ಭಾಷೆಯ ಪಟ್ಟಿಯಲ್ಲಿ ತಮಿಳು ಟೈಪ್‌ರೈಟರ್ ಎಂಬುದನ್ನು ಆರಿಸಿದ್ದೇ ಆಯಿತು. ಇಷ್ಟು ರಂಪಕ್ಕೆ ಬೇಕಾಗಿದ್ದದ್ದು ಒಂದು ಕ್ಲಿಕ್ಕು. ಕಂಪ್ಯೂಟರನ್ನು ಬಾವಿಗೆ ಎಸೆಯುವಷ್ಟು ಸಿಟ್ಟು ಬಂತು.

ಅಕ್ಕನ ಮೊದಲ ಮಾತನ್ನು ನಾನು ಕೂಡಿಸಿಕೊಂಡು ಓದಿದೆ, ನನಗೆ ತಮಿಳು ಅಕ್ಷರ ನಿಧಾನ. "ಪ್ಯಾನು ಆರ್ಸು. ಬಿದ್ದ ದಿನದಿಂದ ಸಳಿ." ಲಕ್ವಾ ಆದವರಿಗೆ ಗಾಳಿ ಬೇಕೆಂದು ಯಾರೋ ಹೇಳಿದ್ದಕ್ಕೆ, ಮಾಗಿಯ ಚಳಿಯಲ್ಲಿ ನಾವು ಅವಳ ತಲೆಯ ಮೇಲೆ ಫ್ಯಾನು ತಿರುಗಿಸಿಟ್ಟಿದ್ದೆವು. ಎದ್ದು ಆರಿಸಿದೆ. ಅಳು ಬಂತು.

ಶುಕ್ರವಾರಕ್ಕೆ ನಾನು ಕಾದದ್ದು ಹಬ್ಬಕ್ಕೆ ಕಾಯುವ ಹಾಗೆ. ತಮ್ಮ ಪೈಪಿನ ಟೆಂಪೋದ ಜೊತೆಗೇ ಬಂದ. ಒಂದು ಪೈಪೂ ಇಳಿಸಲು ಬಿಡದೆ, ಒಳಗೆ ಕರೆದು ಮಂಚದ ಪಕ್ಕ ಕೂರಿಸಿ, "ಈಗ ಕೇಳ್ಲಾ. ದೇವ್ರುನ್ನಲ್ಲ, ಅವುಳ್ನ ಕೇಳು" ಎಂದೆ. ಅವನು ಅಳುಕಿಕೊಂಡೇ ಕೇಳಿದ. ಅಕ್ಕ ಹೆಬ್ಬೆರಳನ್ನು ಸ್ಪೇಸಿನ ಮೇಲಿಟ್ಟಳು. ತಮ್ಮ ತಮಿಳು ಶಾಲೆಯಲ್ಲಿ ಓದಿದವನು. ನಾನು ಮೊದಲ ಪದ ಕೂಡಿಸುವಷ್ಟರಲ್ಲಿ ಅವನು ಪೂರ್ತಿ ಓದಿ ಮುಗಿಸಿದ್ದ. ಅವನ ಮುಖ ಅಗಲವಾಯಿತು. ಅಕ್ಕ ಒತ್ತಿದ್ದು ಇಷ್ಟು:

"ಓಯ್ತೀನಿ. ಜಾಗ ತಕ್ಕ."

"ಅವ್ನುಗ ಎದುರ್ಕಂಡು ಏಳ್ಬೇಡ ಕಣಕ್ಕ. ನಾ ಇವ್ನಿ" ಎಂದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು.

ಅಕ್ಕ ನನ್ನತ್ತ ನೋಡದೆ ಒತ್ತುತ್ತಾ ಹೋದಳು. "ಎದ್ರಿಕ ಇಲ್ಲ. ಒಬ್ಳೇ ಸೂರು ನೋಡ್ಕಂಡು ಬಿದ್ದಿರದು ಸಾಕು. ಅಲ್ಲಿ ಜನ ಅವ್ರ." ಒಂದು ಸಾಲು ಬಿಟ್ಟು, "ನಿಮ್ಮಿಬ್ರ ಜಗಳ ನಂದಲ್ಲ. ನೀನೂ ನನ್ನ ಕೇಳ್ನಿಲ್ಲ" ಎಂದು ಒತ್ತಿದಳು.

ಆಮೇಲೆ ತಮ್ಮನ ಕಡೆ ತಿರುಗಿ, "ಟೈಪ್‌ರೈಟ್ರು ಗುಜರಿಗ ಆಕುದ್ರ ಕೈ ಮುರ್ದಾಕ್ತೀನಿ."

ತಮ್ಮ ನಕ್ಕ. ನನಗೆ ಹೊಟ್ಟೆ ಉರಿಯಿತು. ಅವಳಿಗಾಗಿ ಬ್ಯಾಟರಿ ಕಿತ್ತವಳು ನಾನು, ಕಂಡ ಕಂಡವರ ಕೈಲಿ ಬುದ್ಧಿ ಹೇಳಿಸಿಕೊಂಡವಳು ನಾನು. ಹೋಗುವುದು ಅವನ ಮನೆಗಾ? ಅವಳನ್ನು ಟೆಂಪೋದ ಮುಂದಿನ ಸೀಟಿನಲ್ಲಿ ಕೂರಿಸುವಾಗ, ಲ್ಯಾಪ್‌ಟಾಪು ಕೊಡಲಾ ಎಂದು ತಮ್ಮನನ್ನು ಬಿಗಿದ ಮುಖದಲ್ಲೇ ಕೇಳಿದೆ. "ನಿನ್ ಡಬ್ಬ ನೀನೇ ಮಡಿಕ. ನಮ್ಮನೇಲೇ ಒಳ್ಳೇದು ಅದೆ" ಎಂದ. ಬೇಡವಾದರೆ ಬಿಡಲಿ ಎಂದು ನನ್ನ ಮನೆಗೆ ಬಂದು ಬಾಗಿಲು ಹಾಕಿಕೊಂಡೆ.

ಅವನ ಮನೆಯಲ್ಲಿದ್ದ ಒಳ್ಳೆಯದು ಸೊಸೆಯ ಹಳೆಯ ಮ್ಯಾಕ್. ಅವಳು ಮದುವೆ ಆಲ್ಬಮ್ಮುಗಳನ್ನು ಸಿಂಗರಿಸುವ ಕೆಲಸ ಮಾಡುತ್ತಾಳೆ. ಫೋಟೋ ಬಲ್ಲಳು, ಕೀಲಿಮಣೆ ತಿರುಗಿಸಲು ಅವಳಿಗೆ ಬರಲಿಲ್ಲ. ಅಕ್ಕ ಅಲ್ಲಿ ಮತ್ತೆ ಮೂಕಿಯಾಗಿ ಕೂತಿದ್ದಾಳೆ ಎಂದು ಅವಳೇ ಫೋನು ಮಾಡಿದಳು. ಒಂದು ದಿನ ಸಿಟ್ಟನ್ನು ಹಿಡಿದುಕೊಂಡು ಕೂತೆ. ಮರುದಿನ ಪಣಕಹಳ್ಳಿ ಬಸ್ಸು ಹತ್ತಿದೆ. ತುಳಿಯುವುದಿಲ್ಲ ಎಂದಿದ್ದ ಹೊಸಿಲು ತುಳಿದೆ. ತಮ್ಮ ಜಗಲಿಯಲ್ಲಿದ್ದ, ಬಾ ಎನ್ನಲಿಲ್ಲ. ನಾನು ಅವನನ್ನು ದಾಟಿ ಒಳಗೆ ಹೋದೆ.

ಮ್ಯಾಕ್ ಇನ್ನೊಂದು ಜಾತಿಯ ಪಿಶಾಚಿ. ವಿಂಡೋಸು ಕೂಗಾಡುತ್ತದೆ, ಲಿನಕ್ಸ್ ಮಾತೇ ಆಡುವುದಿಲ್ಲ, ಇದು ಮೆದುವಾಗಿ ಕೇಳಿ ಕೇಳಿ ಸಾಯಿಸುತ್ತದೆ. ಈ ತಂತ್ರಾಂಶಕ್ಕೆ ಒಳಗೆ ಬರಲು ಅನುಮತಿ ಇದೆಯೇ? ನೀವು ಒತ್ತುವುದನ್ನು ಗಮನಿಸಲು ಅನುಮತಿ ಇದೆಯೇ? ನಿಜವಾಗಿಯೂ ಇದೆಯೇ? ಹಾಗಿದ್ದರೆ ಸೆಟ್ಟಿಂಗಿಗೆ ಹೋಗಿ ನೀವೇ ಗುಂಡಿ ಒತ್ತಿ, ಆಮೇಲೆ ಯಂತ್ರ ಆರಿಸಿ ಹಚ್ಚಿ. ನಾನು ಹಲ್ಲು ಕಡಿಯುತ್ತಾ ಒಂದೊಂದಕ್ಕೂ ಹೌದು ಹೌದು ಎಂದೆ. ಅಕ್ಕ ಪಕ್ಕದಲ್ಲಿ ದಿಂಬಿಗೆ ಒರಗಿ ನೋಡುತ್ತಿದ್ದಳು. ಶಾಲು ಹೊದ್ದಿದ್ದಳು, ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದ್ದರು. ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ ಎಂದು ಕಂಡಿತು. ಅದಕ್ಕೂ ನನಗೆ ಸಿಟ್ಟು ಬಂತು.

ತಮಿಳು ಟೈಪ್‌ರೈಟರ್ ಹಾಕಿ, ಸ್ಪೇಸ್ ಹಿಡಿದು ನೋಡಿ, ಮ್ಯಾಕನ್ನು ಅವಳ ಮಡಿಲಿಗೆ ತಳ್ಳಿದೆ. ಕೆಲಸ ಮುಗಿದಿತ್ತು. ಬಸ್ಸಿಗೆ ಹೊತ್ತಾಗುತ್ತಿತ್ತು. ಎದ್ದು ನಿಂತವಳು, ಏನು ತೋಚಿತೋ, ಜಗಲಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿ ಕೇಳಿದೆ.

"ನಾ ಇಲ್ಗ ಬತ್ತಿರ್ಲಾ ಅಕ್ಕ?"

ಉತ್ತರ ಏನಿರುತ್ತದೆ ಎಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವಳು ಒತ್ತಿದಳು. "ಜಗಳ ಆಡ್ದಿದ್ರ ಬಾ."

"ಅದು ನನ್ ಕೈಲಾಗಲ್ಲ ಕಣಕ್ಕ" ಎಂದೆ.

ಅಕ್ಕ ಬಾಗಿಲತ್ತ ನೋಡಿದಳು. ಮ್ಯಾಕನ್ನು ಸ್ವಲ್ಪ ನನ್ನ ಕಡೆ ತಿರುಗಿಸಿಕೊಂಡು, ಮೆಲ್ಲಗೆ ಒತ್ತಿದಳು.

"ಅಂಗಾದ್ರ ಸಂತ ದಿನ ಬಾ. ಅವ್ನಿರಲ್ಲ."